ದೊಡ್ಡಪ್ಪನ ಬೆನ್ನೂ ಆಂಜಿಯೋಗ್ರಾಂ ಮೇಜೂ

ನಂಜನಗೂಡು, ನರಸೀಪುರದ ಕಡೆಯ ಜನಕ್ಕೆ ಎದೆನೋವು ಬರುತ್ತಿರುವವರೆಗೆ ನನ್ನ ನಗುವಿಗೆ ಬರ ಇಲ್ಲ. ನಗೋದು ತಪ್ಪು ಅಂತೀರಾ? ನಾನೂ ಅದೇ ಕಡೆಯವನು ಕಣ್ರೀ, ಹೆಮ್ಮರಗಾಲದ ಹೈದ. ನಮ್ಮವರನ್ನ ನೋಡಿ ನಾನು ನಗದೆ ಇನ್ಯಾರು ನಗಬೇಕು?

ಮೈಸೂರಿನ ಒಂದು ಹಾರ್ಟ್ ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ನಾನು ಟೆಕ್ನಿಷಿಯನ್. ಬಡಿಯುತ್ತಿರುವ ಹೃದಯವನ್ನ ಕಣ್ಣಾರೆ ಟೀವಿಯಲ್ಲಿ ನೋಡಿದ ಗಂಡು ನಮ್ಮೂರಲ್ಲಿ ನಾನೇ ಮೊದಲು. ಜಂಬ ಅಂದರೆ ಅನ್ನಿ, ಸುಳ್ಳಂತೂ ಅಲ್ಲ. ಆಗ ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆಂಜಿಯೋಗ್ರಾಂ ಅಂದರೆ ಹಳ್ಳಿಯ ಕಡೆ ಯಮನ ಅಡ್ಡಹೆಸರು. ನಿಜವಾಗಿ ನಾವು ಮಾಡುವುದಿಷ್ಟೇ: ತೊಡೆಯ ಸಂದಿನಲ್ಲಿ ರಕ್ತನಾಳಕ್ಕೆ ಚುಚ್ಚಿ, ಒತ್ತು ಶ್ಯಾವಿಗೆಯ ಎಳೆಯಷ್ಟು ಸಣ್ಣ ಟ್ಯೂಬನ್ನ ಹೃದಯದವರೆಗೆ ತಳ್ಳಿ, ಒಂದು ಔಷಧಿ ಬಿಟ್ಟು, ಯಾವ ನಾಳ ಎಲ್ಲಿ ಕಟ್ಟಿಕೊಂಡಿದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತೇವೆ. ಮಾತ್ರೆ ಸಾಕೋ, ಬಲೂನು ಹಾಕಿ ನಾಳ ಬಿಡಿಸಬೇಕೋ, ಎದೆ ಕುಯ್ಯಬೇಕೋ ಅಂತ ಆಮೇಲೆ ಗೊತ್ತಾಗುತ್ತೆ. ರೋಗಿಗೆ ಪ್ರಜ್ಞೆ ತಪ್ಪಿಸೋದಿಲ್ಲ, ಎಚ್ಚರವಾಗೇ ಇರುತ್ತಾರೆ. ತೊಂದರೆಯೇ ಅದು. ಎಚ್ಚರವಾಗಿದ್ದರೆ ನಮ್ಮ ಕಡೆಯವರು ಮಾತಾಡುತ್ತಾರೆ.

ಈಗ ಹೇಳುವ ಪ್ರಸಂಗಗಳೆಲ್ಲ ನಡೆದದ್ದು ಒಂದೇ ವರ್ಷದಲ್ಲಿ. ಆ ವರ್ಷ ದೊಡ್ಡಪ್ಪನಿಗೆ ಆಂಜಿಯೋಗ್ರಾಂ ಮಾಡಿಸಲೇಬೇಕು ಅಂತ ನನಗೊಂದು ಹಠ ಇತ್ತು. ನಮ್ಮ ದೊಡ್ಡಪ್ಪ ಹಳೇ ಪೈಲ್ವಾನ್. ಅಪ್ಪ ಹೋದಮೇಲೆ ನನ್ನನ್ನ ಸಾಕಿದವರು, ಎಸೆಸೆಲ್ಸಿಯಲ್ಲಿ ಡುಮ್ಕಿ ಹೊಡೆದಾಗ ಬಾರಿಸಿದವರು, ಮತ್ತೆ ಕಟ್ಟಿಸಿ ಪಾಸು ಮಾಡಿಸಿದವರು. ಬಸ್‌ಸ್ಟಾಪಿನಿಂದ ಮನೆಗೆ ಬರುವಷ್ಟರಲ್ಲಿ ಅವರಿಗೆ ಎದೆ ಹಿಡಿದುಕೊಳ್ಳತೊಡಗಿತು. ಒಂದು ದಿನ ಪುಸಲಾಯಿಸಿ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದೆ. ನಮ್ಮ ದೊಡ್ಡ ಡಾಕ್ಟರು ಅದನ್ನ ನೋಡಿ, "ತಡ ಮಾಡಬೇಡಯ್ಯ, ಆಂಜಿಯೋಗ್ರಾಂ ಮಾಡಿಸಿಬಿಡು. ಹೀಗೇ ಬಿಟ್ಟರೆ ಒಂದು ದಿನ ಹೊಲದಲ್ಲೇ ಕುಸಿದು ಬೀಳ್ತಾರೆ" ಅಂದರು.

ದೊಡ್ಡಪ್ಪ, "ಬೀಳ್ತೀನಿ ಬಿಡು, ನಮ್ಮೊಲ ತಾನೆ" ಅಂದರು.

ತೆಂಗಿನ ಮರದ ಕತೆ

ದೊಡ್ಡಪ್ಪನ ತಲೆ ಕೆಡಿಸಿದ್ದು ನಮ್ಮೂರ ಬಸ್‌ಸ್ಟಾಪಿನ ಟೀ ಅಂಗಡಿಯವನು. ವಾರದ ರಜೆಗೆ ಊರಿಗೆ ಹೋದವನೇ ನೇರ ಅವನ ಬೆಂಚಿನ ಮೇಲೆ ಕೂತೆ.

"ಏನಣ್ಣಾ, ಆಂಜಿಯೋಗ್ರಾಂ ಮಾಡಿಸ್ಕೊಂಡ್ರೆ ಸಾಯ್ತಾರೆ ಅಂದ್ಯಂತೆ?"

"ನಾನ್ಯಾಕ್ಲಾ ಅನ್ಲಿ? ನಡೆದಿರೋದು ಏಳ್ದೆ. ಕೆಳಗಲ ಬೀದಿ ಯಜಮಾನ್ರು ಮಾಡಿಸ್ಕೊಂಡು ಬಂದ್ರಾ? ಬಂದ್ರು. ಸತ್ರಾ? ಸತ್ರು."

"ಯಾವಾಗ ಸತ್ರು?"

"ಅದೇ, ಮಾಡಿಸ್ಕೊಂಡು ಎರಡೋ ಮೂರೋ ವರ್ಷ ಆಗಿತ್ತು."

"ಹೆಂಗೆ ಸತ್ರು?"

ಟೀ ಅಂಗಡಿಯವನು ಒಂದು ಲೋಟವನ್ನ ಸುಮ್ಮನೆ ಎರಡು ಸಲ ತೊಳೆದ. "ತೆಂಗಿನ ಮರದಿಂದ ಬಿದ್ರು" ಅಂದ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗೆದ್ದೆ ಅಂದುಕೊಂಡೆ ನಾನು. ಅಪಾಯವೇ ಇಲ್ಲ ಅಂತ ನಾನು ಹೇಳೋದಿಲ್ಲ. ಅಪರೂಪಕ್ಕೆ ಒಬ್ಬರಿಗೆ ರಕ್ತ ಸೋರಬಹುದು, ಔಷಧಿ ಒಗ್ಗದೆ ಹೋಗಬಹುದು, ಇನ್ನೂ ಅಪರೂಪಕ್ಕೆ ಕೆಟ್ಟದ್ದೂ ಆಗಬಹುದು. ಅದಕ್ಕೇ ಡಾಕ್ಟರು ಮೊದಲೇ ಕೂರಿಸಿಕೊಂಡು ಎಲ್ಲ ಹೇಳ್ತಾರೆ. ಆದರೆ ತೆಂಗಿನ ಮರವನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿದರೆ ಹೆಂಗೆ ಅಂತ ಜೋರು ಮಾಡಿದೆ.

ಅವನೇನು ಬಿಡೋ ಆಸಾಮಿಯೇ? "ಲೇ ಹೈದ, ಅವ್ರು ಹಾರ್ಟ್ ಕೆಟ್ಟಿದ್ದಾಗ ಮರ ಅತ್ತಿದ್ರಾ? ಇಲ್ಲ. ಮನೇಲೇ ಬಿದ್ದಿದ್ರು. ನೀವು ಸರಿ ಮಾಡಿ ಕಳಿಸಿದ್ರಿ, ಅತ್ತುದ್ರು. ಈಗೇಳು, ಯಾರಿಂದ ಸತ್ರು?"

ಬ್ಲೇಡಿನ ಹರಕೆ

ಮುಂದಿನ ವಾರ ತಗಡೂರು ಕಡೆಯ ರೈತರೊಬ್ಬರು ವಾರ್ಡಿಗೆ ಸೇರಿದರು. ಗಡ್ಡ ಎದೆ ಮುಟ್ಟಿತ್ತು, ತಲೆಗೂದಲು ಹೆಗಲಿಗೆ ಬಂದಿತ್ತು. ಆಂಜಿಯೋಗ್ರಾಂಗೆ ಮೊದಲು ತೊಡೆಸಂದಿನ ಕೂದಲು ಬೋಳಿಸಬೇಕು. ಆ ಕೆಲಸದವನು ಬ್ಲೇಡು ತಂದ ತಕ್ಷಣ ರೈತರು ಮಂಚದಿಂದ ಇಳಿದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಮೈಮೇಲೆ ಬ್ಲೇಡ್ ಮುಟ್ಟಿಸಂಗಿಲ್ಲ ಸಾ. ನಂಜುಂಡಪ್ಪಂಗೆ ಮುಡಿ ಹರಕೆ ಒತ್ತಿವ್ನಿ."

"ಏನಂತ ಹರಕೆ?" ಅಂದೆ.

"ಎದೆನೋವು ವಾಸಿ ಆದ್ರೆ ಮುಡಿ ಕೊಡ್ತೀನಿ, ಅಲ್ಲೀವರ್ಗೂ ಬ್ಲೇಡ್ ಸೋಕಿಸಕ್ಕಿಲ್ಲ ಅಂತ."

ನೋಡಿ ಸಿಕ್ಕು! ಬ್ಲೇಡ್ ಮುಟ್ಟದೆ ಆಂಜಿಯೋಗ್ರಾಂ ಇಲ್ಲ. ಆಂಜಿಯೋಗ್ರಾಂ ಇಲ್ಲದೆ ನೋವು ಎಲ್ಲಿಂದ ಅಂತ ಗೊತ್ತಾಗೋದಿಲ್ಲ. ನೋವು ವಾಸಿಯಾಗದೆ ಬ್ಲೇಡ್ ಇಲ್ಲ. ಸಿಸ್ಟರು ಬೈದರು, ಡಾಕ್ಟರು ಬುದ್ಧಿ ಹೇಳಿದರು, ರೈತರ ಹೆಂಡತಿ ಅತ್ತರು. ಇವರು ಗೋಡೆ ಬಿಡಲಿಲ್ಲ.

ನಾನು ಸೋಲೋ ಮಗನಲ್ಲ. ಮಾರನೆಯ ದಿನ ಬೆಳಿಗ್ಗೆ ನಂಜನಗೂಡಿಗೆ ಹೋಗಿ, ಕಪಿಲೆಯ ಹೊಳೆದಡದಲ್ಲಿ ಹರಕೆಯ ಮುಡಿ ತೆಗೆಯುವ ಹಿರಿಯರೊಬ್ಬರನ್ನ ಬಸ್ಸು ಹತ್ತಿಸಿಕೊಂಡು ಬಂದೆ. ಅವರು ವಾರ್ಡಿಗೆ ಬಂದು ರೈತರನ್ನ ಮೇಲಿಂದ ಕೆಳಗೆ ನೋಡಿದರು.

"ಏನ್ ಒತ್ಕೊಂಡಿದ್ದೀಯಪ್ಪ? ಮುಡಿ ತಾನೆ?"

"ಊಂ ಕಣಣ್ಣ."

"ನಂಗೆ ಮೀಸೆ ಬರೋಕ್ಮುಂಚೆ ಇಂದ ಅಲ್ಲಿ ಕುಂತು ಮುಡಿ ತಗೀತಾ ಇವ್ನಿ. ಬೆಂಗ್ಳೂರೋರು ಬಂದವ್ರೆ, ಬೊಂಬಾಯೋರು ಬಂದವ್ರೆ. ಆ ಜಾಗದ ಕೂದ್ಲ ನಂಜುಂಡಪ್ಪ ಇವತ್ತಿನವರ್ಗೂ ಯಾರತ್ರಾನೂ ಕೇಳಿಲ್ಲ ಕಣೋ!"

ರೈತರು ಯೋಚನೆ ಮಾಡಿ ಮಂಚ ಹತ್ತಿದರು. ಒಂದೇ ನಾಳ ಕಟ್ಟಿತ್ತು, ಬಲೂನು ಹಾಕಿ ಬಿಡಿಸಿದರು, ನೆಟ್ಟಗೆ ನಡೆದುಕೊಂಡು ಊರಿಗೆ ಹೋದರು. ಇದನ್ನ ಹೇಳಿದರೆ ದೊಡ್ಡಪ್ಪನ ಮನಸ್ಸು ಕರಗುತ್ತೆ ಅಂತ ಓಡಿದೆ.

ದೊಡ್ಡಪ್ಪ ಎಲ್ಲ ಕೇಳಿದರು. "ಅಂದ್ರೆ ಅಲ್ಲೂ ಬೋಳಿಸ್ತಾರಾ?" ಅಂದರು. ಅಷ್ಟು ದಿನ ಅವರಿಗೆ ಆ ವಿಷಯ ಗೊತ್ತಿರಲಿಲ್ಲ.

ಟೀವಿಯಲ್ಲಿ ಬಂದ ಶಿವ

ನಂಜನಗೂಡಿನ ಬೆಲ್ಲದ ವ್ಯಾಪಾರಿಯೊಬ್ಬರು. ಮಠಕ್ಕೆ ನಡೆದುಕೊಳ್ಳುವವರು, ಕತ್ತಿನಲ್ಲಿ ಶಿವದಾರ, ಅದರಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಆಂಜಿಯೋಗ್ರಾಂಗೆ ಬರುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಇವರು ಉಂಗುರ, ವಾಚು, ಉಡಿದಾರ ಎಲ್ಲ ಬಿಚ್ಚಿ ಕೊಟ್ಟು, ಕರಡಿಗೆಯನ್ನ ಮಾತ್ರ ಆಸ್ಪತ್ರೆ ಗೌನಿನ ಒಳಗೆ ಸೇರಿಸಿಕೊಂಡು ಒಳಗೆ ಬಂದಿದ್ದರು.

ಅವತ್ತು ಹೊರರಾಜ್ಯದಿಂದ ಕಲಿಯೋಕೆ ಬಂದ ಹೊಸ ಡಾಕ್ಟರು ಮೊದಲ ಸಲ ಟೀವಿಯ ಮುಂದೆ ನಿಂತಿದ್ದರು. ಎಕ್ಸ್‌ರೇ ಹಾಕಿದರೆ, ಹೃದಯದ ಮೇಲೆ ಮೊಟ್ಟೆ ಗಾತ್ರದ ಕಪ್ಪು ಗುಂಡು! ಹೊಸ ಡಾಕ್ಟರ ಹಣೆಯಲ್ಲಿ ಬೆವರು. "ಸರ್, ಇದೇನಿದು? ಪುಸ್ತಕದಲ್ಲೇ ಇಲ್ಲ!"

ದೊಡ್ಡ ಡಾಕ್ಟರು ಗೌನು ಸರಿಸಿ ನೋಡಿ ನಕ್ಕರು. "ಯಜಮಾನ್ರೇ, ಇದನ್ನ ಸ್ವಲ್ಪ ತೆಗೆದಿಡಬೇಕಲ್ಲ."

"ಬುದ್ಧಿ, ತಾಯಿ ಹೊಟ್ಟೆಯಿಂದ ಬಿದ್ದ ಮೇಲೆ ಇದು ನನ್ನ ಮೈ ಬಿಟ್ಟಿಲ್ಲ. ಬೇಕಾದ್ರೆ ಹಾರ್ಟ್ ತೆಗೆದು ಆ ಕಡೆ ಇಟ್ಟು ನೋಡ್ಕೊಳ್ಳಿ, ಲಿಂಗ ತೆಗೆಯಕ್ಕಾಗಲ್ಲ."

ಅಂಥ ಹೊತ್ತಲ್ಲೇ ನನ್ನ ತಲೆ ಓಡೋದು. "ಯಜಮಾನ್ರೇ, ಲಿಂಗವನ್ನ ತಲೆಯ ಮೇಲೂ ಧರಿಸಬಹುದು ಅಲ್ವಾ? ಮೈ ಬಿಟ್ಟಂಗೂ ಆಗಲ್ಲ, ಎದೆಯೂ ಖಾಲಿ ಆಗುತ್ತೆ" ಅಂದೆ. ವ್ಯಾಪಾರಿ ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿ ಒಪ್ಪಿದರು. ಬ್ಯಾಂಡೇಜು ಬಟ್ಟೆಯಲ್ಲಿ ಪೇಟದ ಹಾಗೆ ಸುತ್ತಿ ನಾನೇ ತಲೆಗೆ ಕಟ್ಟಿದೆ. ಟೀವಿ ತಿಳಿಯಾಯಿತು. ಔಷಧಿ ಬಿಟ್ಟರು. ಎಡಗಡೆಯ ದೊಡ್ಡ ನಾಳದಲ್ಲಿ ಒಂದು ಕಡೆ ಕಿರಿದಾಗಿದ್ದು ಸ್ಪಷ್ಟವಾಗಿ ಕಂಡಿತು.

"ನೋಡಿ ಯಜಮಾನ್ರೇ, ಅಲ್ಲಿದೆ ಬ್ಲಾಕು" ಅಂದರು ಡಾಕ್ಟರು.

ವ್ಯಾಪಾರಿ ಮಲಗಿದ್ದಲ್ಲಿಂದಲೇ ಟೀವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಲಿಂಗ ಎದೆ ಮೇಲೆ ಇದ್ದಾಗ ಇತ್ತಾ ಇದು? ಇರ್ಲಿಲ್ಲ. ಈ ಹುಡುಗ ಎತ್ತಿ ತಲೆಗೆ ಕಟ್ಟಿದ, ತಕ್ಷಣ ಬಂತು!"

ಅತ್ತೆಯ ಬ್ಲಾಕು

ಇದು ನರಸೀಪುರದ್ದು. ಒಂದು ಟೆಂಪೋ ತುಂಬ ಜನ ಒಬ್ಬ ಅತ್ತೆಯನ್ನ ಕರೆತಂದರು. ಎದೆನೋವು ಶುರುವಾದಾಗಿನಿಂದ ಆಯಮ್ಮ ಒಂದು ಚೆಂಬು ಎತ್ತಿದ್ದಿಲ್ಲವಂತೆ. ಸೊಸೆಯೇ ನೀರು ಕಾಯಿಸಿ, ಕಾಲು ಒತ್ತಿ, ಮುದ್ದೆ ಮುರಿದು ಕೈಗೆ ಕೊಡಬೇಕು. ಸೊಸೆ ಸೊರಗಿ ಕಡ್ಡಿಯಾಗಿದ್ದಳು. ಅತ್ತೆ ಮಾತ್ರ ಗುಂಡುಕಲ್ಲಿನ ಹಾಗೆ ಇದ್ದರು.

ಆಂಜಿಯೋಗ್ರಾಂ ಆಯಿತು. ನಾಳಗಳು ಹೊಸದಾಗಿ ತೋಡಿದ ನಾಲೆಯಂಗೆ ಚೊಕ್ಕ. ಒಂದು ಬ್ಲಾಕೂ ಇಲ್ಲ. ಅದೂ ಆಂಜಿಯೋಗ್ರಾಂನ ಉಪಕಾರವೇ ಕಣ್ರೀ. ಇಲ್ಲ ಅಂತ ಗೊತ್ತಾದರೆ ಬೇಡದ ಮಾತ್ರೆಯೂ ತಪ್ಪುತ್ತೆ, ಬೇಡದ ಹೆದರಿಕೆಯೂ ತಪ್ಪುತ್ತೆ. "ಏನೂ ಇಲ್ಲಮ್ಮ, ಗ್ಯಾಸ್ಟ್ರಿಕ್ ಇರಬೇಕು, ನಾಳೆಯಿಂದ ಎಲ್ಲ ಕೆಲಸ ಮಾಡಬಹುದು" ಅಂದರು ಡಾಕ್ಟರು, ಸಂತೋಷವಾಗಿ.

ಆಯಮ್ಮನ ಮುಖ ಬಾಡಿತು. ಡಾಕ್ಟರು ಆ ಕಡೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಮಗಾ, ನೀನು ನಮ್ಮ ಕಡೆಯೋನು ಅಂತ ಏಳುದ್ರು. ಆಚೆ ನಮ್ಮ ಸೊಸೆ ನಿಂತವ್ಳೆ. ಜಾಸ್ತಿ ಬ್ಯಾಡ, ಯಾವ್ದಾದ್ರೂ ಮೂಲೇಲಿ ಒಂದು ಸಣ್ಣ ಬ್ಲಾಕ್ ಅದೆ ಅಂತ ಏಳ್ಬುಡಪ್ಪ!"

ನಾನು ಆಚೆ ಬಂದು ಇದ್ದದ್ದು ಇದ್ದ ಹಾಗೆ ಕೂಗಿ ಹೇಳಿದೆ. ಟೆಂಪೋದವರೆಲ್ಲ ಕೈ ಮುಗಿದರು. ಸೊಸೆ ಮಾತ್ರ ಅಷ್ಟು ದಿನದಿಂದ ಹೊತ್ತುಕೊಂಡು ತಿರುಗುತ್ತಿದ್ದ ಅತ್ತೆಯ ಬಟ್ಟೆಯ ಬ್ಯಾಗನ್ನ ನಿಧಾನಕ್ಕೆ ಅತ್ತೆಯ ಹೆಗಲಿಗೇ ಹಾಕಿದಳು.

ಭುಜ

ಅಷ್ಟರಲ್ಲಿ ದೊಡ್ಡಪ್ಪನ ಸ್ಥಿತಿ ಕೆಟ್ಟಿತ್ತು. ಜಗುಲಿಯಿಂದ ಹಿತ್ತಲಿಗೆ ಹೋಗೋದರೊಳಗೆ ಎರಡು ಸಲ ಕಂಬ ಹಿಡಿದು ನಿಲ್ಲುತ್ತಿದ್ದರು. ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನ ನೋಡೋರು. ನನಗೆ ರೇಗಿ ಹೋಯಿತು.

"ದೊಡ್ಡಪ್ಪಾ, ಗರಡಿಯಲ್ಲಿ ಎದುರಾಳಿ ಎಲ್ಲಿ ಪಟ್ಟು ಹಾಕವ್ನೆ ಅಂತ ಗೊತ್ತಿಲ್ಲದೆ ಬಿಡಿಸ್ಕೊಳ್ತಿದ್ರಾ?"

"ಅದೆಂಗ್ಲಾ ಆಯ್ತದೆ?"

"ಮತ್ತೆ ನಿಮ್ಮ ಎದೆಗೆ ಒಬ್ಬ ಪಟ್ಟು ಹಾಕಿ ಕೂತವ್ನೆ. ಎಲ್ಲಿ ಹಾಕವ್ನೆ ಅಂತ ನೋಡೋದೇ ಆಂಜಿಯೋಗ್ರಾಂ. ನೋಡಕ್ಕೂ ಹೆದರೋ ಪೈಲ್ವಾನ್ ನೀವೊಬ್ಬರೇ!"

ದೊಡ್ಡಪ್ಪನ ಮೀಸೆ ನಡುಗಿತು. "ಯಾವನ್ಲಾ ಎದರೋನು? ನಡಿ!" ಅಂದರು. ಅವತ್ತೇ ಆಸ್ಪತ್ರೆ ಸೇರಿಸಿದೆ. ಬೋಳಿಸಿಕೊಂಡರು, ಸೂಜಿಗೆ ಕೈ ಕೊಟ್ಟರು, ಎಲ್ಲದಕ್ಕೂ ಸರಿ ಅಂದರು. ಮಾರನೆಯ ದಿನ ಬೆಳಿಗ್ಗೆ ಮೇಜಿನ ಹತ್ತಿರ ಬಂದಾಗ ಮಾತ್ರ ಒಂದು ಪಕ್ಕಕ್ಕೆ ತಿರುಗಿ ಮಲಗಿದರು.

"ಅಂಗಾತ ಮಲಗಬೇಕು ದೊಡ್ಡಪ್ಪ."

"ಆಗಕ್ಕಿಲ್ಲ. ನನ್ನೆರಡು ಭುಜಾನೂ ಒಟ್ಟಿಗೆ ಇವತ್ತಿನವರ್ಗೂ ಯಾವನೂ ಮಟ್ಟಿಗೆ ತಾಕಿಸಿಲ್ಲ."

ಮಟ್ಟಿ ಅಂದರೆ ಗರಡಿಯ ಕೆಮ್ಮಣ್ಣು. ಎರಡು ಭುಜವೂ ಅದಕ್ಕೆ ತಾಕಿದರೆ ಸೋತ ಹಾಗೆ. ಡಾಕ್ಟರಿಗೆ ವಿವರಿಸಿದೆ. ಅವರು ಕೈಗವಸು ಹಾಕಿಕೊಂಡು, "ಯಜಮಾನ್ರೇ, ನಾನು ನಿಮ್ಮ ಮೇಲೆ ಕೂತಿಲ್ಲ, ಪಕ್ಕದಲ್ಲಿ ನಿಂತಿದ್ದೀನಿ. ಇದು ಸೋಲು ಹೇಗಾಗುತ್ತೆ?" ಅಂದರು. ಅದು ಸರಿ ಅನ್ನಿಸಿತೋ ಏನೋ, ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ಅಂಗಾತ ಮಲಗಿದರು. "ಇಲ್ಲಿಗೆ ಗರಡಿಯೋರು ಯಾರೂ ಬರದಂಗೆ ನೋಡ್ಕೋ ಕಣ್ಲಾ" ಅಂತ ನನಗೆ ಅಪ್ಪಣೆ ಬೇರೆ. ನಾಳ ಒಂದು ಕಡೆ ಕಟ್ಟಿತ್ತು. ಕೈಗೆಟುಕುವ ಜಾಗದಲ್ಲೇ ಸಿಕ್ಕಿತು, ಬಲೂನಿಗೆ ದಾರಿ ಇತ್ತು, ಹಾಕಿ ಬಿಡಿಸಿದರು.

ನಿಜವಾದ ಗಂಡಾಂತರ ಆಮೇಲೆ ಬಂತು. ಆಗೆಲ್ಲ ಟ್ಯೂಬು ತೆಗೆದ ಮೇಲೆ ಚುಚ್ಚಿದ ಜಾಗಕ್ಕೆ ಮರಳಿನ ಮೂಟೆ ಇಟ್ಟು, ದೀಪ ಹಚ್ಚೋ ಹೊತ್ತಿನವರೆಗೆ ಕಾಲು ಮಡಿಸದೆ ಅಂಗಾತ ಮಲಗಿಸುತ್ತಿದ್ದೆವು. ಮಧ್ಯೆ ಎದ್ದರೆ ಗಾಯ ಬಿಚ್ಚಿಕೊಂಡು ರಕ್ತ ಚಿಮ್ಮುತ್ತೆ. ದೊಡ್ಡಪ್ಪ ಸೂರು ನೋಡಿಕೊಂಡು ಮಲಗಿದ್ದರು. ಪಕ್ಕದ ಮಂಚಕ್ಕೆ ಇನ್ನೊಂದು ಟ್ರಾಲಿ ಬಂತು. ಅದರ ಮೇಲೂ ಒಬ್ಬರು ಅಂಗಾತ, ತೊಡೆಯ ಮೇಲೆ ಮರಳಿನ ಮೂಟೆ. ಬೆಳಿಗ್ಗೆ ಬೇರೆ ವಾರ್ಡಿಗೆ ಸೇರಿದ್ದ ನರಸೀಪುರದ ಪೈಲ್ವಾನರು.

ಇವರಿಬ್ಬರೂ ವಯಸ್ಸಿನಲ್ಲಿದ್ದಾಗ ನರಸೀಪುರದಲ್ಲಿ ಹಿಡಿದ ಕುಸ್ತಿ ಇವತ್ತಿಗೂ ತೀರ್ಮಾನ ಆಗಿಲ್ಲ. ಇವರ ಭುಜ ಮುಟ್ಟಿತು ಅಂತ ಅವರು, ಅವರ ಭುಜ ಮುಟ್ಟಿತು ಅಂತ ಇವರು. ಮದುವೆ ಮನೆಯಲ್ಲಿ ಎದುರಾದರೆ ಊಟ ಬಿಟ್ಟು ಎದ್ದು ಹೋಗುವಷ್ಟು ದ್ವೇಷ.

ನರಸೀಪುರದವರು ಮೆಲ್ಲಗೆ ಕುತ್ತಿಗೆ ತಿರುಗಿಸಿದರು. ಮುಖ ಅರಳಿತು.

"ಯಾರೋ ಅಂದ್ಕೊಂಡೆ! ಅಂಗಾತ ಬಿದ್ದವ್ನೆ! ಕೊನೇಗೂ ನೋಡ್ದೆ ಕಣ್ಲಾ, ಕಣ್ತುಂಬ ನೋಡ್ದೆ!"

"ಲೇಯ್, ನೀನೇನ್ ಕವುಚಿ ಬಿದ್ದಿದ್ದೀಯಾ?" ಅನ್ನುತ್ತಾ ದೊಡ್ಡಪ್ಪ ಎರಡು ಕೈ ಊರಿ ಏಳೋಕೆ ಹೋದರು. ಮರಳಿನ ಮೂಟೆ ಜಾರಿತು. ಬಿಳಿ ಪಟ್ಟಿಯ ಮೇಲೆ ಕೆಂಪು ಚುಕ್ಕೆ ಕಂಡು ಅಗಲವಾಯಿತು. ನಾನು ಎರಡು ಅಂಗೈಯನ್ನೂ ಅಲ್ಲಿ ಊರಿ ಮೈಭಾರವೆಲ್ಲ ಬಿಟ್ಟೆ.

"ದೊಡ್ಡಪ್ಪಾ, ಸತ್ತೋಗ್ತೀರ!"

"ಸಾಯ್ತೀನಿ ಬಿಡ್ಲಾ! ಇವನ್ಮುಂದೆ ಅಂಗಾತ ಬಿದ್ದಿರಕ್ಕಿಲ್ಲ!"

ಅತ್ತ ನರಸೀಪುರದವರೂ ಮೊಣಕೈ ಊರುತ್ತಿದ್ದರು. ಸಿಸ್ಟರು ಕಿರುಚಿದರು. ದೊಡ್ಡಮ್ಮ ಬಾಗಿಲಿಂದ ಓಡಿ ಬಂದರು. ಡಾಕ್ಟರಿಗೆ ಹೇಳಿ ಕಳಿಸುವಷ್ಟು ಹೊತ್ತಿಲ್ಲ. ನನ್ನ ಗಂಟಲಿನಲ್ಲಿ ಎಲ್ಲಿತ್ತೋ, ಗರಡಿಯಲ್ಲಿ ಕುಸ್ತಿಯ ಜೋಡಿ ಕೂಗುವವರ ಧ್ವನಿ:

"ಜೋಡಿ ಕಟ್ಟಿದ್ದೀನಿ! ಇಬ್ಬರೂ ಕೇಳ್ಕೊಳ್ಳಿ! ಈ ಕುಸ್ತಿ ತಿರುವುಮುರುವು. ಭುಜ ಮೊದಲು ಮೇಲೆ ಎತ್ತಿದವರು ಸೋತಂಗೆ!"

ಧಪ್, ಧಪ್ ಅಂತ ನಾಲ್ಕು ಭುಜಗಳೂ ಹಾಸಿಗೆಗೆ ಬಿದ್ದವು.

ಆಮೇಲೆ ಆ ವಾರ್ಡಿನಲ್ಲಿ ಅಂಥ ಶಿಸ್ತಿನ ರೋಗಿಗಳನ್ನ ನಾನು ನೋಡಿಲ್ಲ. ರಕ್ತ ನಿಂತಿತು. ಇಬ್ಬರೂ ದಿಮ್ಮಿಯ ಹಾಗೆ ಮಲಗಿ ಬಾಯಲ್ಲೇ ಕುಸ್ತಿ ಆಡಿದರು. ಡಾಕ್ಟರು ಬಂದು, "ಇವರಿಗೆ ಬ್ಲಾಕ್ ಒಂದು, ಅವರಿಗೆ ಎರಡು. ಇಬ್ಬರಿಗೂ ಸರಿಹೋಗಿದೆ" ಅಂದಾಗ ನರಸೀಪುರದವರು, "ಕೇಳಿಸ್ಕೊಂಡ್ಯಾ? ನಿನ್ನ ಕೆಡವಕ್ಕೆ ಒಂದು ಸಾಕಾಯ್ತು, ನಂಗೆ ಎರಡು ಬೇಕಾಯ್ತು!" ಅಂದರು. ದೊಡ್ಡಪ್ಪ ತಿರುಗಿಯೂ ನೋಡಲಿಲ್ಲ. ತಿರುಗಿದರೆ ಭುಜ ಎದ್ದೀತು.

ದೀಪ ಹಚ್ಚಿದರು. "ಸಾಕು, ಈಗ ಏಳಬಹುದು" ಅಂದರು ಡಾಕ್ಟರು.

"ಅವ್ನು ಏಳ್ಲಿ ಮೊದ್ಲು ಸಾ."

"ಅವ್ನು ಏಳ್ಲಿ, ನಂಗೇನು ಅರ್ಜೆಂಟಿಲ್ಲ."

ಊಟ ಬಂತು, ತಣ್ಣಗಾಯಿತು. ದೊಡ್ಡಮ್ಮ ಬೇಡಿಕೊಂಡರು, ನರಸೀಪುರದವರ ಹೆಂಡತಿ ಬೈದರು. ಕೊನೆಗೆ ಅಷ್ಟು ದೊಡ್ಡ ಡಾಕ್ಟರು ಎರಡು ಮಂಚದ ನಡುವೆ ನಿಂತು, ಒಂದು ಕೈಯಲ್ಲಿ ಇವರ ಕೈ, ಇನ್ನೊಂದರಲ್ಲಿ ಅವರ ಕೈ ಹಿಡಿದು, "ಒಂದು, ಎರಡು, ಮೂರು! ಜೋಡಿ ಸಮ!" ಅಂತ ಒಟ್ಟಿಗೆ ಎಬ್ಬಿಸಿದರು. ವಾರ್ಡಿಗೆ ವಾರ್ಡೇ ಚಪ್ಪಾಳೆ ಹೊಡೆಯಿತು. ದೊಡ್ಡಮ್ಮ ನನ್ನ ತಲೆ ಸವರಿದರು. ಗೆದ್ದವನು ನಾನು ಕಣ್ರೀ, ಅದರಲ್ಲಿ ಅನುಮಾನ ಬೇಡ.

ತಿಂಗಳ ಮೇಲೆ ಚೆಕಪ್ಪಿಗೆ ಇಬ್ಬರೂ ಒಂದೇ ದಿನ ಬಂದರು, ಒಂದೇ ಬೆಂಚಿನಲ್ಲಿ ಕೂತರು. ಡಾಕ್ಟರು ದೊಡ್ಡಪ್ಪನ ಎದೆಗೆ ಸ್ಟೆತಾಸ್ಕೋಪು ಇಟ್ಟು, "ಈಗ ನೋವು ಹೇಗಿದೆ ಯಜಮಾನ್ರೇ?" ಅಂದರು.

"ನೋವು ಅತ್ಲಾಗಿರ್ಲಿ ಸಾ" ಅಂದರು ದೊಡ್ಡಪ್ಪ. "ಅವತ್ತು ನೀವು ಮೂರು ಅನ್ನೋಕ್ಮುಂಚೆನೇ ಇವ್ನು ಭುಜ ಎತ್ತುಬುಟ್ಟ. ಎದೆ ಒಳಗೆಲ್ಲ ನೋಡೋ ಅಷ್ಟು ದೊಡ್ಡ ಕ್ಯಾಮ್ರಾ ಮಡೀಕಂಡಿದ್ದೀರಲ್ಲ, ಆ ರೀಲ್ ಆಕಿ ತೋರ್ಸಿ!"